ಮಗಳಿಗೊಂದು ಪತ್ರ: ಸೋತ ದಿನವೂ ಪ್ರಾರ್ಥನೆ ಬಿಡಬೇಡ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. "ದೊಡ್ಡ ತಪ್ಪೇನೂ ಮಾಡ್ತಿಲ್ಲ ಅಮ್ಮ, ಆದ್ರೂ ದೇವರಿಂದ ದೂರ ಹೋಗ್ತಿದ್ದೀನಿ ಅನ್ಸತ್ತೆ" ಅಂತ ಬರೆದಿದ್ದೆಯಲ್ಲ, ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಶೋಧನೆ, ಅಂದರೆ ತಪ್ಪಿನ ಕಡೆಗೆ ಎಳೆಯುವ ಸೆಳೆತ, ಅಂದ ಕೂಡಲೇ ನಮಗೆ ಕಳ್ಳತನ, ವ್ಯಭಿಚಾರ ಇಂಥವೇ ನೆನಪಾಗುತ್ತವೆ. ಆದರೆ ದಿನಾ ನಮ್ಮನ್ನು ಕಾಡುವುದು ಅವಲ್ಲ. ಬೆಳಿಗ್ಗೆ ಸತ್ಯವೇದ (ಬೈಬಲ್) ಓದೋಣ ಅಂತ ಫೋನ್ ಕೈಗೆತ್ತಿಕೊಳ್ಳುತ್ತೀಯ. ವಚನ ಇನ್ನೂ ತೆರೆದಿರುವುದಿಲ್ಲ, ಮೇಲೆ ಒಂದು ನೋಟಿಫಿಕೇಶನ್ ಬರುತ್ತದೆ. ಒಂದು ಫೋಟೋ, ಅದರ ಕೆಳಗಿನ ಕಾಮೆಂಟು, ಆಮೇಲೆ ಯಾರದೋ ಮದುವೆ, ಯಾರದೋ ಹೊಸ ಮನೆ, ಯಾರದೋ ಪ್ರಮೋಷನ್. ತಲೆ ಎತ್ತುವಷ್ಟರಲ್ಲಿ ಹೊತ್ತಾಗಿರುತ್ತದೆ. ಓದೂ ಇಲ್ಲ, ಪ್ರಾರ್ಥನೆಯೂ ಇಲ್ಲ, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು ಬೇರೆ. ಆಫೀಸಿಗೆ ಹೋದರೆ, ಮುಗಿಯದ ಕೆಲಸಕ್ಕೆ "ಆಗಿದೆ ಸರ್" ಅನ್ನುವ ಸುಳ್ಳು. ಸಂಜೆ ಗೆಳತಿಯರ ಜೊತೆ "ಪಾಪ, ಅವಳಿಗೋಸ್ಕರ ಪ್ರಾರ್ಥನೆ ಮಾಡಿ" ಅಂತ ಶುರುವಾಗಿ ಅವಳ ಮನೆಯ ಗುಟ್ಟೆಲ್ಲ ಹೊರಗೆ ಬೀಳುವುದು. ಈ ಕೊನೆಯದು ವಿಶ್ವಾಸಿಗಳಲ್ಲೇ ಜಾಸ್ತಿ. ಪ್ರಾರ್ಥನೆಯ ಹೆಸರಲ್ಲಿ ಚಾಡಿ ಹೇಳುವುದನ್ನು ಕೇಳಿದಾಗ ನನಗೆ ನಿಜವಾಗಲೂ ನೋವಾಗುತ್ತದೆ.

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ಇನ್ನೊಮ್ಮೆ ನಿಧಾನವಾಗಿ ಓದು. ಯೇಸು ಸ್ವಾಮಿ 40 ದಿನ ಉಪವಾಸವಿದ್ದು ಹಸಿದಿದ್ದರು. ಸೈತಾನ ಮೊದಲು ಎತ್ತಿದ್ದು ರೊಟ್ಟಿಯ ಮಾತನ್ನೇ. ರೊಟ್ಟಿ ಪಾಪವಾ? ಅಲ್ಲ. ಹಸಿದವನಿಗೆ ಬೇಕಾದದ್ದೇ ಅದು. ನಾವು ಸುಸ್ತಾದಾಗ, ಒಂಟಿಯಾದಾಗ, ನಮಗೆ ಬೇಕಾದದ್ದನ್ನೇ ಹಿಡಿದುಕೊಂಡು ಶೋಧನೆ ಬರುತ್ತದೆ. ಯೇಸು ಅವನ ಜೊತೆ ವಾದಕ್ಕೆ ಕೂರಲಿಲ್ಲ. ಮೂರು ಸಲವೂ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಒಂದೊಂದು ಮಾತು ಹೇಳಿದರು, ಅಷ್ಟೇ. ಇದೇ ಘಟನೆಯನ್ನು ಬರೆಯುವಾಗ ಲೂಕನು ತನ್ನ ಸುವಾರ್ತೆಯಲ್ಲಿ ಇನ್ನೊಂದು ವಿಷಯ ಸೇರಿಸುತ್ತಾನೆ: ಸೈತಾನ ಬಿಟ್ಟು ಹೋದದ್ದು ತಕ್ಕ ಸಮಯ ಬರುವ ತನಕ ಮಾತ್ರ. ಸ್ವಾಮಿಗೇ ಹಾಗಾದ ಮೇಲೆ, ಒಂದು ದಿನ ಗೆದ್ದರೆ ಇನ್ನು ಮುಗಿಯಿತು ಅಂತ ನಾವು ಅಂದುಕೊಳ್ಳುವುದು ಹೇಗೆ?

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಇವಾಗ್ರಿಯಸ್ ಎಂಬ ಸನ್ಯಾಸಿ ಇದ್ದರು. ಮಧ್ಯಾಹ್ನದ ಹೊತ್ತು ಸನ್ಯಾಸಿಯ ಮೇಲೆ ಎರಗುವ ಜಡತನದ ಬಗ್ಗೆ ಅವರು ಬರೆದಿದ್ದಾರೆ. ಸೂರ್ಯ ಸರಿಯುವುದೇ ಇಲ್ಲ ಅನಿಸುತ್ತದಂತೆ. ಯಾರಾದರೂ ಬರುತ್ತಾರಾ ಅಂತ ಮತ್ತೆ ಮತ್ತೆ ಕಿಟಕಿಯ ಕಡೆ ಕಣ್ಣು. ಈ ಜಾಗ ಬೇಡ, ಈ ಕೆಲಸ ಬೇಡ, ಇಲ್ಲಿ ಯಾರಿಗೂ ಪ್ರೀತಿಯೇ ಇಲ್ಲ ಅನ್ನುವ ಯೋಚನೆಗಳು. ಅವರ ಹತ್ತಿರ ಫೋನ್ ಇರಲಿಲ್ಲ ಪುಟ್ಟಿ, ಆದರೂ ನಿನ್ನ ಸಂಕಟವೇ ಅಲ್ವಾ ಅದು? ಅವರು ಒಂದೊಂದು ಕೆಟ್ಟ ಯೋಚನೆಗೂ ಎದುರಾಗಿ ಹೇಳಬೇಕಾದ ವಚನಗಳನ್ನು ಹುಡುಕಿ ಬರೆದಿಟ್ಟರು, ಯೇಸು ಮಾಡಿದ ಹಾಗೆಯೇ.

ನೀನೂ ಹಾಗೇ ಮಾಡು. ನಿನ್ನನ್ನು ಜಾಸ್ತಿ ಕಾಡುವುದು ಯಾವುದು, ಯಾವ ಹೊತ್ತಿನಲ್ಲಿ ಅಂತ ನೋಡಿಕೋ. ಫೋನಿಗೆ ಕೀರ್ತನೆ 119:37, ವ್ಯರ್ಥವಾದವುಗಳ ಕಡೆಯಿಂದ ನನ್ನ ಕಣ್ಣು ತಿರುಗಿಸು ಅನ್ನುವ ಬೇಡಿಕೆ. ನಾಲಿಗೆಗೆ ಕೀರ್ತನೆ 141:3, ನನ್ನ ಬಾಯಿಗೆ ಕಾವಲಿಡು ಅಂತ. ಬಾಯಿಪಾಠ ಮಾಡು. ಹೊತ್ತು ಬಂದಾಗ ಹುಡುಕುತ್ತಾ ಕೂರಲು ಆಗುವುದಿಲ್ಲ. ಇನ್ನು ಕೆಲವಕ್ಕೆ ವಚನ ಹೇಳುತ್ತಾ ಅಲ್ಲೇ ನಿಲ್ಲಬಾರದು. ಪೋಟೀಫರನ ಮನೆಯಲ್ಲಿ ದಾಸನಾಗಿದ್ದ ಯೋಸೇಫನನ್ನು ಯಜಮಾನನ ಹೆಂಡತಿ ತನ್ನ ಜೊತೆ ಮಲಗಲು ದಿನದಿನವೂ ಕರೆದಳು, ಅವನು ಕೊನೆಗೆ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಪುಸ್ತಕದ ಬೈಬಲ್ ತೆಗೆಯುವುದೂ ಓಡಿಹೋಗುವುದೇ.

ಇಷ್ಟೆಲ್ಲ ಮಾಡಿದರೂ ಕೆಲವು ದಿನ ಸೋಲುತ್ತೀಯ. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ದಿನಗಳಿಗಾಗಿ. ಸೋತ ರಾತ್ರಿ "ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡಲಿ? ನಾಳೆ ಸರಿಹೋದ ಮೇಲೆ ಮಾಡ್ತೀನಿ" ಅನಿಸುತ್ತದಲ್ಲ, ಬೆಳಗಿನ ತಪ್ಪಿಗಿಂತ ಅದು ದೊಡ್ಡ ಶೋಧನೆ. ಒಂದು ನಾಳೆ ಒಂದು ವಾರ ಆಗುತ್ತದೆ, ವಾರ ತಿಂಗಳಾಗುತ್ತದೆ. ದೂರ ಹೋಗುತ್ತಿದ್ದೀನಿ ಅಂದೆಯಲ್ಲ, ಹೀಗೇ ಹೋಗುವುದು. ಯೇಸುವಿನ ಶಿಷ್ಯ ಪೇತ್ರ, ಸ್ವಾಮಿಯನ್ನು ಅರಿಯೆ ಅಂತ ಮೂರು ಸಲ ಹೇಳಿದ. ಅವನು ಅದನ್ನು ಹೇಳುವ ಮುಂಚೆಯೇ ಯೇಸು ಅವನಿಗೋಸ್ಕರ ಪ್ರಾರ್ಥಿಸಿದ್ದರು. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಅಂತಲೂ ಹೇಳಿದ್ದರು. ನೋಡು, ಬೀಳುವ ಮುಂಚೆಯೇ ಅವನು ವಾಪಸ್ ಬರುವುದರ ಮಾತು! ಅದಕ್ಕೇ ಆ ರಾತ್ರಿಯೇ ಮೊಣಕಾಲೂರು. ಚೆಂದದ ಮಾತು ಬೇಡ. ಆದದ್ದನ್ನು ಆದ ಹಾಗೆ ಹೇಳು, ಕ್ಷಮೆ ಕೇಳು, ಮಲಗು.

ಆದರೆ ಮ್ಯಾನೇಜರಿಗೆ ಸುಳ್ಳು ಹೇಳಿದ್ದರೆ ದೇವರಿಗೆ ಹೇಳಿದ್ದೇ ಸಾಕು ಅಂದುಕೊಳ್ಳಬೇಡ. ಮಾರನೆಯ ದಿನ ಹೋಗಿ "ಇನ್ನೂ ಆಗಿಲ್ಲ ಸರ್" ಅನ್ನು. ಕಷ್ಟವೇ, ಆದರೂ ಹೇಳು.

ಇನ್ನೊಂದು, ಒಬ್ಬಳೇ ಹೋರಾಡಬೇಡ. ನಿಮ್ಮ ಸಭೆಯಲ್ಲಿ ಬಾಯಿ ಬಿಗಿ ಇರುವ, ಪ್ರಾರ್ಥಿಸುವ ಒಬ್ಬ ಹಿರಿಯ ಸಹೋದರಿಯನ್ನು ಹುಡುಕು. ಈ ಭಾನುವಾರ ಆರಾಧನೆ ಮುಗಿದ ಕೂಡಲೇ ಹೊರಟುಬಿಡದೆ ಅವರ ಹತ್ತಿರ ಹೋಗಿ ಮಾತಾಡು. ಏನು ಮಾತಾಡಿದೆ ಅಂತ ನನಗೆ ಹೇಳಬೇಕಾಗಿಲ್ಲ. ಯಾವ ವಚನ ಬಾಯಿಪಾಠ ಮಾಡುತ್ತಿದ್ದೀಯ ಅಂತ ಮಾತ್ರ ತಿಳಿಸು, ಅಪ್ಪನೂ ನಾನೂ ಅದನ್ನೇ ಕಲಿಯುತ್ತೇವೆ.

ನಿನ್ನ ಅಮ್ಮ