ಅಪ್‌ಲೋಡ್ ಆಗದಿರಲು ಸರ್ವರ್ ಡೌನ್ ಒಂದೇ ಕಾರಣವಲ್ಲ

ಮಾನ್ಯರೇ,

ಅರ್ಜಿ ಹಾಕುವ ಕೊನೆಯ ದಿನ ಸೈಬರ್ ಸೆಂಟರ್‌ಗಳಲ್ಲಿ ಕೇಳುವ ಮಾತು ಒಂದೇ: ‘ಸರ್ವರ್ ಡೌನ್’. ಅಂಕಪಟ್ಟಿ ಅಪ್‌ಲೋಡ್ ಆಗದಿದ್ದಾಗಲೂ ಅದೇ ಮಾತು. ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಇರುತ್ತದೆ. ಅದರ ಮಿತಿಗಳನ್ನು ಒಂದಕ್ಕೊಂದು ಹೊಂದಿಸಿರುವುದಿಲ್ಲ.

ಪುಟದಲ್ಲಿ ‘5 ಎಂಬಿವರೆಗಿನ ಪಿಡಿಎಫ್’ ಎಂದಿರುತ್ತದೆ. ಸರ್ವರ್‌ನ ಮುಂಬಾಗಿಲು ಕಾಯುವ ತಂತ್ರಾಂಶವಾದ ಎಂಜಿನ್‌ಎಕ್ಸ್‌ಗೆ ಬೇರೇನೂ ಹೇಳಿಲ್ಲದಿದ್ದರೆ 1 ಎಂಬಿ ದಾಟಿದ್ದನ್ನೆಲ್ಲ 413 ಎಂಬ ಎರರ್ ಕೊಟ್ಟು ವಾಪಸ್ ಕಳಿಸುತ್ತದೆ. ಅಲ್ಲಿ ಪಾರಾದರೆ, ಒಳಗೆ ಫಾರ್ಮನ್ನು ಓದಿಕೊಳ್ಳುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ ಇದೆ: ಬದಲಿಸದೆ ಬಿಟ್ಟರೆ ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ. ತಲಾ 1.8 ಎಂಬಿಯ ಐದು ದಾಖಲೆ ಸೇರಿಸಿದರೆ 9 ಎಂಬಿ. ಆಗ ಪಿಎಚ್‌ಪಿ ಫಾರ್ಮನ್ನೇ ಖಾಲಿ ಮಾಡಿ ಒಳಗೆ ಕೊಡುತ್ತದೆ. ಹೆಸರು ತುಂಬಿದವರಿಗೇ ‘ಹೆಸರು ಕಡ್ಡಾಯ’ ಎಂಬ ಕೆಂಪಕ್ಷರ ಕಾಣುವುದು ಹೀಗೆ.

ಮೊಬೈಲ್ ಆ್ಯಪ್‌ಗಳ ಎಪಿಐಗಳಲ್ಲಿ (ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ದಾರಿಗಳಲ್ಲಿ) ಫೈಲನ್ನು ಬೇಸ್64 ಅಕ್ಷರಗಳಾಗಿಸಿ ಜೆಸನ್ ಎಂಬ ಪಠ್ಯರೂಪದೊಳಗೆ ತುರುಕುವುದುಂಟು. 3 ಬೈಟ್ ಇದ್ದದ್ದು 4 ಆಗುತ್ತದೆ; 4 ಎಂಬಿ ಫೈಲು 5.3 ಎಂಬಿಗೆ ಊದಿಕೊಂಡು ಗಡಿಯಲ್ಲೇ ಬೀಳುತ್ತದೆ. ಫೈಲನ್ನು ಇದ್ದ ಹಾಗೇ, ಫಾರ್ಮಿನ ಒಂದು ಭಾಗವಾಗಿ (ಮಲ್ಟಿಪಾರ್ಟ್) ಕಳಿಸಿದರೆ ಈ ಊತ ಇಲ್ಲ. ಆದರೆ ಬ್ರೌಸರ್‌ನಿಂದ ಕಳಿಸುವಾಗ ಒಳಗಿರುವುದು ಯಾವ ಬಗೆಯದು ಎಂದು ಹೇಳುವ ಕಂಟೆಂಟ್-ಟೈಪ್ ಹೆಡರನ್ನು ಕೈಯಾರೆ ಬರೆಯಬಾರದು. ಬ್ರೌಸರ್ ತಾನೇ ಸೇರಿಸುವ ಬೌಂಡರಿ ಎಂಬ ಗಡಿಗುರುತು ತಪ್ಪಿಹೋಗಿ, ಫೈಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದೇ ಸರ್ವರ್‌ಗೆ ತಿಳಿಯದು.

ಪೋರ್ಟಲ್ ಕಟ್ಟುವವರು ಒಂದು ಸಲಕ್ಕೆ ಒಂದೇ ಫೈಲು ಪಡೆಯಲಿ. 5 ಎಂಬಿ ಮಿತಿಯನ್ನು ಅಪ್ಲಿಕೇಶನ್ ಕೋಡ್ ನೋಡಿಕೊಳ್ಳಲಿ. ಪಿಎಚ್‌ಪಿಯ ಫೈಲ್ ಮಿತಿ 6, ಫಾರ್ಮ್ ಮಿತಿ 7, ಎಂಜಿನ್‌ಎಕ್ಸ್‌ನದು 8 ಇರಲಿ. ಆಗ ‘ನಿಮ್ಮ ಫೈಲು 5.4 ಎಂಬಿ ಇದೆ, 5ಕ್ಕೆ ಇಳಿಸಿ’ ಎಂದು ಕನ್ನಡದಲ್ಲೇ ಹೇಳಲು ಜಾಗ ಸಿಗುತ್ತದೆ.

ಫೈಲಿನ ಹೆಸರಿನ ಬಾಲ ನಂಬುವುದೂ ಬೇಡ. ಐಫೋನಿನ ಹೀಕ್ (HEIC) ಮಾದರಿಯ ಚಿತ್ರಕ್ಕೆ ‘ಜೆಪಿಜಿ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಜೆಪೆಗ್ ಆಗದು. ನಿಜವಾದ ಜೆಪೆಗ್‌ನ ಮೊದಲ 3 ಬೈಟ್‌ಗಳು ಎಫ್‌ಎಫ್, ಡಿ8, ಎಫ್‌ಎಫ್. ಇನ್ನು, ‘ಅಂಕಪಟ್ಟಿ’ ಎಂದು ಕನ್ನಡದಲ್ಲಿ ಹೆಸರಿಟ್ಟದ್ದಕ್ಕೇ ಫೈಲು ತಿರಸ್ಕೃತವಾಗುವುದು ನಮ್ಮಲ್ಲಂತೂ ಆಗಬಾರದ್ದು. ಆ ಹೆಸರನ್ನು ತೋರಿಸಲು ಮಾತ್ರ ಇಟ್ಟುಕೊಂಡು, ಡಿಸ್ಕಿನಲ್ಲಿ ಸರ್ವರ್ ತಾನೇ ಕೊಟ್ಟ ಹೆಸರಿನಲ್ಲಿ ಉಳಿಸಿದರೆ ಸಾಕು.

ಸಿಗ್ನಲ್ ಕಡಿದಾಗ ಮತ್ತೆ ಮೊದಲಿನಿಂದ ಕಳಿಸುವ ಗೋಳು ತಪ್ಪಿಸಲು 512 ಕೆಬಿಯ ತುಂಡುಗಳಲ್ಲಿ ಪಡೆದು, ನಿಂತಲ್ಲಿಂದ ಮುಂದುವರಿಸಬಹುದು. ಇಲಾಖೆಗಳು ಪೋರ್ಟಲ್ ಒಪ್ಪಿಕೊಳ್ಳುವ ಮುನ್ನ 4.9 ಎಂಬಿಯ ಪಿಡಿಎಫ್ ಒಂದನ್ನು ಮೊಬೈಲ್ ಡೇಟಾದಲ್ಲಿ, ಕನ್ನಡ ಹೆಸರಿನಲ್ಲಿ, ನಡುವೆ ಒಮ್ಮೆ ಸಂಪರ್ಕ ಕಡಿದು ಕಳಿಸುವ ಪರೀಕ್ಷೆಯನ್ನು ಟೆಂಡರ್ ಷರತ್ತಿಗೆ ಸೇರಿಸಲಿ.

– ವೆಬ್ ಡೆವಲಪರ್, ಮೈಸೂರು