ಪೆಟ್ಟಿಗೆ, ಕೋಲು ಮತ್ತು ನಿನ್ನ ಮಗಳು

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. ಪ್ರಾಣಿಗಳಿಗೂ ನಮಗೂ ಬುದ್ಧಿಯಲ್ಲಿ ಇರುವುದು ಹೆಚ್ಚು ಕಡಿಮೆಯ ವ್ಯತ್ಯಾಸ ಅಷ್ಟೇ, ನಮ್ಮದೇನೂ ಬೇರೆ ಜಾತಿಯ ಬುದ್ಧಿ ಅಲ್ಲ ಅಂದೆ. 1871ರಲ್ಲಿ ಡಾರ್ವಿನ್ ಬರೆದದ್ದೂ ಇದನ್ನೇ, ಹಾಗಾಗಿ ನಿನ್ನ ಕಡೆ ಬಲ ಜಾಸ್ತಿ. ಅವತ್ತು ನಾನು ಸುಮ್ನೆ ಹಟಕ್ಕೆ ವಾದ ಮಾಡಿದೆ. ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಉಪಕರಣ ಮಾಡುವುದು ಮನುಷ್ಯ ಮಾತ್ರ ಅಂತ ಒಂದು ಕಾಲದಲ್ಲಿ ಬೇಲಿ ಹಾಕಿದ್ದರು. 1960ರಲ್ಲಿ, ಕಾಡಿನ ಚಿಂಪಾಂಜಿಗಳನ್ನು ಅಧ್ಯಯನ ಮಾಡುತ್ತಿದ್ದ ಜೇನ್ ಗುಡಾಲ್, ಚಿಂಪಾಂಜಿಯೊಂದು ಕಡ್ಡಿಯ ಎಲೆಗಳನ್ನು ಕಿತ್ತು, ಹುತ್ತದೊಳಗೆ ತೂರಿಸಿ, ಕಚ್ಚಿಕೊಂಡು ಬಂದ ಗೆದ್ದಲು ತಿನ್ನುವುದನ್ನು ನೋಡಿದರು. ಬೇಲಿ ಬಿತ್ತು. ಆಮೇಲೆ ಹಾಕಿದ ಬೇಲಿಗಳ ಕತೆಯೂ ಹೆಚ್ಚುಕಡಿಮೆ ಹೀಗೇ ಆಯಿತು.

ಆದರೆ 'ಹೆಚ್ಚು ಕಡಿಮೆ' ಅನ್ನಬೇಕಾದರೆ ಅಳೆಯಲು ಒಂದೇ ಅಳತೆಗೋಲು ಬೇಕು ಅಲ್ವಾ? ಜಪಾನಿನಲ್ಲಿ ಅಯುಮು ಅನ್ನುವ ಎಳೆಯ ಚಿಂಪಾಂಜಿ ಇತ್ತು. ಪರದೆಯ ಮೇಲೆ ಐದು ಅಂಕಿಗಳು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಮಿಂಚಿ ಮರೆಯಾದರೂ, ಅವು ಎಲ್ಲೆಲ್ಲಿದ್ದವು ಅಂತ ಸರಿಯಾದ ಕ್ರಮದಲ್ಲಿ ಮುಟ್ಟುತ್ತಿತ್ತು. 2007ರ ಆ ಪ್ರಯೋಗದಲ್ಲಿ ಕಾಲೇಜು ಹುಡುಗರು ಸೋತರು. (ಚೆನ್ನಾಗಿ ಅಭ್ಯಾಸ ಮಾಡಿದರೆ ಮನುಷ್ಯರೂ ಆ ಮಟ್ಟ ಮುಟ್ಟುತ್ತಾರೆ ಅಂತ ಆಮೇಲೆ ಗೊತ್ತಾಯಿತು, ಅದನ್ನೂ ಹೇಳಬೇಕು.) ಅಮೆರಿಕದ ನಟ್‌ಕ್ರ್ಯಾಕರ್ ಹಕ್ಕಿ ಪೈನ್ ಬೀಜಗಳನ್ನು ಸಾವಿರಾರು ಕಡೆ ಹೂತಿಟ್ಟು, ತಿಂಗಳುಗಳ ನಂತರ ಹುಡುಕಿ ತೆಗೆಯುತ್ತದೆ. ಬೀಗದ ಕೈ ಎಲ್ಲಿಟ್ಟೆ ಅಂತ ದಿನಾ ಪರದಾಡುವ ನಾನು ನಿನ್ನ 'ಹೆಚ್ಚು ಕಡಿಮೆ'ಯ ಏಣಿಯ ಯಾವ ಮೆಟ್ಟಿಲಲ್ಲಿದ್ದೇನೆ ಹೇಳು. ಏಣಿ ಅನ್ನುವುದೇ ಸುಳ್ಳು ಅನ್ನಿಸುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಪೆಟ್ಟಿಗೆಯೊಳಗೆ ತಿನ್ನುವ ವಸ್ತು ಇಟ್ಟು, ತೆಗೆಯುವುದನ್ನು ಚಿಂಪಾಂಜಿಗಳಿಗೂ ಮಕ್ಕಳಿಗೂ ತೋರಿಸಿದರು: ಮೊದಲು ಮೇಲಿನ ತೂತಿಗೆ ಕೋಲು ಹಾಕಿ ಚುಚ್ಚುವುದು, ಆಮೇಲೆ ಮುಂದಿನ ಬಾಗಿಲಿನಿಂದ ತೆಗೆಯುವುದು. ಮೇಲೆ ಚುಚ್ಚುವುದರಿಂದ ಏನೂ ಪ್ರಯೋಜನವಿಲ್ಲ. ಪೆಟ್ಟಿಗೆಯೊಳಗೆ ಏನೂ ಕಾಣದಿದ್ದಾಗ ಚಿಂಪಾಂಜಿಗಳು ಎರಡನ್ನೂ ಮಾಡಿದವು. ಗಾಜಿನಂತೆ ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ, ಚುಚ್ಚುವುದು ದಂಡ ಅಂತ ಕಂಡುಕೊಂಡು ಹೆಚ್ಚಿನವು ಅದನ್ನು ಬಿಟ್ಟುಬಿಟ್ಟವು. ಮೂರು ನಾಲ್ಕು ವರ್ಷದ ಮಕ್ಕಳು? ಕಣ್ಣೆದುರೇ ಕಾಣುತ್ತಿದ್ದರೂ ಚುಚ್ಚುತ್ತಲೇ ಇದ್ದರು.

ಜಾಣ ಯಾರು ಇಲ್ಲಿ? ನೋಡಿದರೆ ಚಿಂಪಾಂಜಿಯೇ. ಆದರೆ ನಾನು ಭಾಗಾಕಾರ ಕಲಿತದ್ದು ಹೇಗೆ ಅಂತ ನೆನೆಸಿಕೊಂಡೆ. ಮುಂದಿನ ಅಂಕಿಯನ್ನು ಯಾಕೆ ಕೆಳಗಿಳಿಸಬೇಕು ಅಂತ ಒಂದಿಷ್ಟೂ ಗೊತ್ತಿರಲಿಲ್ಲ, ಮೇಷ್ಟ್ರು ಇಳಿಸಿದರು, ನಾನೂ ಇಳಿಸಿದೆ, ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ. 'ಇದು ದಂಡ' ಅಂತ ಅವತ್ತು ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅರ್ಥವಾಗದಿದ್ದರೂ ಹಿಡಿದುಕೊಳ್ಳುವ ಈ ದಡ್ಡತನದಿಂದಲೇ ಒಬ್ಬನ ತಲೆಯಲ್ಲಿ ಹಿಡಿಸದಷ್ಟು ತಿಳುವಳಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಾ ಬಂದಿದೆ ಅನ್ನಿಸುತ್ತದೆ. ಚಿಂಪಾಂಜಿಗಳೂ ಕಲ್ಲಿನಿಂದ ಕಾಯಿ ಒಡೆಯುವುದನ್ನು ದೊಡ್ಡವರನ್ನು ನೋಡಿ ಕಲಿಯುತ್ತವೆ, ನಿಜ. ಆದರೆ ಅಲ್ಲಿ ಕಲ್ಲು ಕಲ್ಲಾಗಿಯೇ ಉಳಿದಿದೆ. ಹುಟ್ಟಿದಾಗಿನಿಂದ ನನ್ನನ್ನು ಒಬ್ಬನೇ ಕಾಡಲ್ಲಿ ಬಿಟ್ಟಿದ್ದರೆ ಅಯುಮುವಿನ ಮುಂದೆ ನಾನು ಏನೇನೂ ಅಲ್ಲ. ಹಾಗಾಗಿ ಜಾತಿಯೇ ಬೇರೆ ಅನ್ನುವಂಥದ್ದು ಏನಾದರೂ ಇದ್ದರೆ ಅದನ್ನು ಒಂದು ತಲೆಯೊಳಗೆ ಹುಡುಕಬಾರದು, ತಲೆ ತಲೆಗಳ ನಡುವೆ ಹುಡುಕಬೇಕು ಅಂತ ನನ್ನ ಗುಮಾನಿ.

ಮುಂದಿನ ಸಲ ಬಂದಾಗ ಒಂದು ಆಟ ಆಡೋಣ. ನಿಮ್ಮ ನಾಯಿ ತೆಗೆಯುತ್ತದಲ್ಲ, ಆ ಹಿತ್ತಲ ಬಾಗಿಲಿನ ಚಿಲಕ, ಅದನ್ನು ನೀನು ಕೋಲಿನಿಂದ ಎರಡು ಸಲ ಬಡಿದು ಆಮೇಲೆ ತೆಗೆ. ನಿನ್ನ ಮಗಳು ಬಡಿಯುತ್ತಾಳೆ, ಅದಕ್ಕೆ ನನ್ನ ಪಂದ್ಯ. ನಾಯಿಯ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ ಕಣೋ. ಕೆಲಸಕ್ಕೆ ಬಾರದ್ದನ್ನು ಒಡೆಯ ಮಾಡಿದರೂ ಅದನ್ನು ಹಾಗೇ ಮಾಡಿದ ನಾಯಿಗಳನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ. ನಿಮ್ಮ ನಾಯಿಯೂ ಮೂಗಿನಿಂದ ಎರಡು ಸಲ ಬಡಿದರೆ, ಈ ಪತ್ರ ಹರಿದು ಹಾಕು.