ಭಾನುವಾರದ ಮಾತುಕತೆ: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಮಾತುಕತೆ ಬೆಳಿಗ್ಗೆ ಅಲ್ಲ, ಸಂಜೆ 5ಕ್ಕೆ. ಗೂಗಲ್ ಮೀಟ್ ಲಿಂಕ್ ಅದೇ.

ವಿಷಯ, ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದವರ ಹಕ್ಕಿ ಬೇಟೆ. ಅವರು ಕುರಿ ಸಾಕುತ್ತಿದ್ದರು, ಬಾರ್ಲಿ, ಆಲೂಗಡ್ಡೆ ಬೆಳೆಯುತ್ತಿದ್ದರು. ಆದರೂ ಹೊಟ್ಟೆಗೆ ಆಸರೆ ಕಡಲ ಹಕ್ಕಿಗಳೇ. ಆಗಸ್ಟ್ ಬಂತೆಂದರೆ ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬರಿಗಾಲಲ್ಲಿ ಕಡಿದಾದ ಬಂಡೆ ಇಳಿದು ಫುಲ್ಮಾರ್ ಮರಿಗಳನ್ನು ಹಿಡಿಯುತ್ತಿದ್ದರು. ಹೆದರಿದರೆ ನಾರುವ ಎಣ್ಣೆ ಉಗುಳುವ ಹಕ್ಕಿ ಅದು. ಆ ಎಣ್ಣೆ ದೀಪಕ್ಕೆ ಬೇಕಿತ್ತು. ಎಣ್ಣೆ, ಗರಿ ಕೊಟ್ಟೇ ಜಮೀನಿನ ಗೇಣಿ ತೀರಿಸುತ್ತಿದ್ದರು. ಸಿಕ್ಕಿದ್ದನ್ನೆಲ್ಲ ಊರಿನ ಮನೆಗಳಿಗೆ ಪಾಲು ಹಾಕುತ್ತಿದ್ದರು. ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಈ ಹಂಚಿಕೆಯೇ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನ ಊರು ಬಿಟ್ಟರು.

ಮೇಲೆ ಹಾಕಿರುವ ಫೋಟೊಗಳನ್ನು ಮೊದಲೇ ನೋಡಿಕೊಳ್ಳಿ. ಕಲ್ಲಿನ ಪುಟ್ಟ ಗೂಡುಗಳಿವೆಯಲ್ವಾ, ಅವು ‘ಕ್ಲೀಟ್’, ಅಂದರೆ ಹಿಡಿದ ಹಕ್ಕಿಗಳ ಮಾಂಸ ಕೂಡಿಡುತ್ತಿದ್ದ ಉಗ್ರಾಣ. ಕಲ್ಲುಗಳ ಸಂದಿಯಲ್ಲಿ ಗಾಳಿ ಆಡಿ ಒಳಗಿನ ಮಾಂಸ ಒಣಗುತ್ತಿತ್ತು. ಕೆಲವು ಚಿತ್ರಗಳಲ್ಲಿ ಸತ್ತ ಹಕ್ಕಿಗಳ ರಾಶಿ ಇದೆ, ಮಕ್ಕಳಿಗೆ ತೋರಿಸುವ ಮುಂಚೆ ನೀವೊಮ್ಮೆ ನೋಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಕರಾವಳಿ ಕಡೆಯವರು ಯಾರಾದರೂ ಕಡಲ ಹಕ್ಕಿಗಳ ಬಗ್ಗೆ ಹತ್ತು ನಿಮಿಷ ಮಾತಾಡ್ತೀರಾ? ದಯವಿಟ್ಟು ತಿಳಿಸಿ.